ಮಂಗಳೂರು ಬಂದರಿನ ಕಾಫಿ ರಫ್ತು

ಕೊಡಗು, ಚಿಕ್ಕಮಗಳೂರು, ಹಾಸನದ ಮಲೆಗಳಲ್ಲಿ ಬೆಳೆದ ಕಾಫಿ ಘಟ್ಟ ಇಳಿದು ಮಂಗಳೂರಿನಿಂದ ಹಡಗೇರುವ ವ್ಯಾಪಾರ ಇದು. ಕಾಫಿ ಬರುವ ಮುಂಚೆ ಈ ಬಂದರು ಅಕ್ಕಿಗೆ, ಕಾಳುಮೆಣಸಿಗೆ ಹೆಸರಾಗಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿಯನ್ ಪ್ಲಾಂಟರುಗಳ ತೋಟಗಳು ಹೆಚ್ಚಿದ ಮೇಲೆ ಎತ್ತಿನ ಗಾಡಿಗಳಲ್ಲಿ ಕಾಫಿಯೂ ಬರತೊಡಗಿತು.

ಹಳೆಯ ಬಂದರು ಇರುವುದು ನೇತ್ರಾವತಿ, ಗುರುಪುರ ಹೊಳೆಗಳು ಕಡಲು ಸೇರುವಲ್ಲಿ, ಬೆಂಗ್ರೆಯ ಮರಳುದಿಣ್ಣೆಯ ಮರೆಯಲ್ಲಿ. ಅಳಿವೆಯಲ್ಲಿ ಆಳ ಸಾಲದು. ಹಾಗಾಗಿ ದೊಡ್ಡ ಹಡಗು ಹೊರಗಡಲಲ್ಲೇ ಲಂಗರು ಹಾಕುತ್ತಿತ್ತು. ಹಮಾಲರು ಧಕ್ಕೆಯಲ್ಲಿ ದೋಣಿಗೆ ಹೇರಿದ ಗೋಣಿಚೀಲಗಳನ್ನು ಹಡಗಿನ ಮಗ್ಗುಲಲ್ಲಿ ಮತ್ತೊಮ್ಮೆ ಮೇಲೆತ್ತಬೇಕಿತ್ತು. ಮುಂಗಾರು ಹಿಡಿಯಿತೆಂದರೆ ಅದೂ ಇಲ್ಲ. ಘಟ್ಟದ ಮೇಲಿನ ತೇವದಲ್ಲಿ ಸರಿಯಾಗಿ ಒಣಗದ ಪಾರ್ಚ್‌ಮೆಂಟ್ (ಒಳಸಿಪ್ಪೆ ಬಿಡಿಸದ) ಕಾಫಿಯನ್ನು ಕರಾವಳಿಯ ಬೇಸಗೆಯ ಬಿಸಿಲಿಗೆ ಹರವಿ, ಸಿಪ್ಪೆ ಬಿಡಿಸಿ, ಜರಡಿ ಹಿಡಿದು, ಕರಿಬೀಜ ಆರಿಸಿ, ಮಳೆಗೆ ಮೊದಲೇ ಸಾಗಿಸಬೇಕಿತ್ತು. ಪಿಯರ್ಸ್ ಲೆಸ್ಲಿಯಂಥ ಕಂಪನಿಗಳ, ಈ ಕೆಲಸ ಮಾಡುವ ಕ್ಯೂರಿಂಗ್ ವರ್ಕ್ಸ್ ಮಂಗಳೂರಿನಲ್ಲಿ ನೆಲೆಯೂರಿದ್ದಕ್ಕೆ ಈ ಬಿಸಿಲೂ ಒಂದು ಕಾರಣ.

ಹಾಯಿಹಡಗುಗಳು ಆಫ್ರಿಕದ ಗುಡ್‌ಹೋಪ್ ಭೂಶಿರ ಬಳಸಿ ತಿಂಗಳುಗಟ್ಟಲೆ ಸಾಗುವಾಗ ಚೀಲದೊಳಗಿನ ಬೀಜ ಕಡಲ ತೇವ ಕುಡಿದು ಉಬ್ಬಿ, ಹಸಿರು ಹೋಗಿ ಹಳದಿಯಾಗುತ್ತಿತ್ತು. ಹುಳಿ ಇಳಿದ ಆ ರುಚಿಗೆ ಯುರೋಪಿನ ನಾಲಿಗೆ ಒಗ್ಗಿಹೋಯಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿಹಡಗುಗಳೂ ಬಂದ ಮೇಲೆ ಪಯಣ ಚಿಕ್ಕದಾಯಿತು. ಬೀಜ ಹಸಿರಾಗಿಯೇ ತಲುಪಿದರೆ ಗಿರಾಕಿಗೆ ಸಮಾಧಾನವಿಲ್ಲ. ಆಗ ಕರಾವಳಿಯವರು ಹೂಡಿದ ಉಪಾಯ ಇಡೀ ಚರಿತ್ರೆಯಲ್ಲೇ ಸೊಗಸಿನದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಾಡುವ ಗೋದಾಮಿನ ನೆಲದ ಮೇಲೆ ಬೀಜ ಹರಡಿ, ಆಗಾಗ ಕೆದಕಿ, ಆಮೇಲೆ ಸಡಿಲವಾಗಿ ಚೀಲಕ್ಕೆ ತುಂಬಿ, ಮಳೆಗಾಳಿ ನುಸುಳುವಂತೆ ಸಂದು ಬಿಟ್ಟು ಪೇರಿಸುತ್ತಾರೆ. ನಡುನಡುವೆ ಚೀಲ ಬದಲಿಸುತ್ತಾರೆ. ಬಂದರು ಮುಚ್ಚಿಸುತ್ತಿದ್ದ ಮಳೆಯೇ ಸರಕನ್ನು ಹದಮಾಡಿತು. ಈ ‘ಮಾನ್ಸೂನ್ಡ್ ಮಲಬಾರ್’ ಕಾಫಿಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯಿದೆ.

1942ರ ಕಾಫಿ ಕಾಯ್ದೆಯ ನಂತರ ಬೆಳೆಗಾರರು ಫಸಲನ್ನು ಕಾಫಿ ಮಂಡಳಿಯ ಒಟ್ಟು ಸಂಗ್ರಹಕ್ಕೆ, ಅಂದರೆ ಪೂಲ್‌ಗೆ, ಒಪ್ಪಿಸುವ ವ್ಯವಸ್ಥೆ ಬಂತು. ಮಾರಾಟದ ಸೂತ್ರ ಬೆಂಗಳೂರಿನಲ್ಲಿರುವ ಆ ಮಂಡಳಿಯ ಕೈಗೆ ಹೋಯಿತು. 1990ರ ದಶಕದಲ್ಲಿ ಈ ಪೂಲ್ ವ್ಯವಸ್ಥೆ ಕೊನೆಗೊಂಡಿತು. ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ಇಂದಿಗೂ ಹೊರದೇಶಕ್ಕೇ. ಇಟಲಿ, ಜರ್ಮನಿ ದೊಡ್ಡ ಗಿರಾಕಿಗಳು. ಬೆಂಗಳೂರಿನ ಮಾವಳ್ಳಿಯ ಎಂಟಿಆರ್ ಹೋಟೆಲಿನಲ್ಲಿ ಕಾಫಿ ಲೋಟ ಹಿಡಿದು ಕೂತವರಿಗೆ ಇದು ನಂಬಿಕೆಯಾಗಲಿಕ್ಕಿಲ್ಲ.

ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಹಡಗು ನೇರ ಧಕ್ಕೆಗೆ ಬರುವುದರಿಂದ ದೋಣಿಯ ಕೆಲಸ ತಪ್ಪಿತು. ಈಗ ಕಾಫಿ ಹೋಗುವುದು ಕಂಟೇನರಿನಲ್ಲಿ: 60 ಕಿಲೋ ಚೀಲಗಳಾಗಿ, ಇಲ್ಲವೇ ಒಳಗೆ ದೊಡ್ಡ ಲೈನರ್ ಚೀಲ ಕಟ್ಟಿ ಬಿಡಿಬೀಜವಾಗಿಯೇ ಸುರಿದು. ತೇವ ತಾಗದಂತೆ ಕಾಗದ ಹೊದಿಸಿ, ತೇವ ಹೀರುವ ಪೊಟ್ಟಣ ತೂಗುಹಾಕುತ್ತಾರೆ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಯುರೋಪಿನ ಸರಕು ಮತ್ತೆ ಗುಡ್‌ಹೋಪ್ ಬಳಸಿತು. ಕಂಟೇನರಿನ ಬೀಜ ಹಳದಿಯಾಗಲಿಲ್ಲ. ಏರಿದ್ದು ಸಾಗಣೆ ಬಾಡಿಗೆ.