ಕಾರಿನೊಳಗೆ ಬಂದ ಮಳೆ

ಕಾರಿನಲ್ಲಿ ಚಾಲಕನ ಎದುರಿಗಿರುವ ಫಲಕವನ್ನು ನಾವೆಲ್ಲರೂ ಡ್ಯಾಶ್‌ಬೋರ್ಡ್ ಎನ್ನುತ್ತೇವೆ. ಈ ಹೆಸರು ಕಾರಿಗಿಂತ ಹಳೆಯದು. ಓಡುವ ಕುದುರೆಯ ಗೊರಸಿನಿಂದ ಎರಚುವ ಕೆಸರುನೀರು ಗಾಡಿಯಲ್ಲಿ ಕುಳಿತವರ ಮೈಮೇಲೆ ಬೀಳದಿರಲೆಂದು ಮುಂದೆ ಅಡ್ಡಲಾಗಿ ನಿಲ್ಲಿಸುತ್ತಿದ್ದ ಹಲಗೆಗೆ ಆ ಹೆಸರಿತ್ತು. ಡಿಕ್ಕಿ ಎಂಬ ಮಾತಿನ ಕಥೆಯೂ ಸ್ವಾರಸ್ಯವಾದುದೇ. ಇಬ್ಬರು ಕೂರುವ ಹಳೆಯ ಕಾರುಗಳ ಹಿಂಬದಿಯಲ್ಲಿ ಮುಚ್ಚಳ ತೆಗೆದರೆ ತೆರೆದುಕೊಳ್ಳುತ್ತಿದ್ದ, ಮೇಲೆ ಯಾವ ಆಸರೆಯೂ ಇಲ್ಲದ ಹೆಚ್ಚುವರಿ ಆಸನವನ್ನು ಇಂಗ್ಲಿಷರು ಡಿಕ್ಕಿ ಸೀಟು ಎನ್ನುತ್ತಿದ್ದರು. ಕಾಲಕ್ರಮದಲ್ಲಿ ಆಸನ ಹೋಗಿ ಆ ಜಾಗಕ್ಕೆ ಸಾಮಾನು ಬಂತು. ಹೆಸರು ಮಾತ್ರ ನಮ್ಮ ನಾಲಗೆಯಲ್ಲಿ ಉಳಿಯಿತು. ಇತಿಹಾಸದ ಮೇಷ್ಟರಾಗಿದ್ದವನಿಗೆ ಇಂಥ ಪದಗಳು ಶಾಸನಗಳಿದ್ದಂತೆ. ಎರಡೂ ಹೇಳುವುದು ಒಂದೇ ಸಂಗತಿ: ಕಾರು ಹುಟ್ಟಿದಾಗ ಅದಕ್ಕೆ ಮಾಡು ಇರಲಿಲ್ಲ. ಮಳೆಯಿಂದ ರಕ್ಷಣೆಯೆಂಬುದು ಆಮೇಲೆ, ತುಂಡುತುಂಡಾಗಿ, ಬೇರೆಬೇರೆ ಕಾಲದಲ್ಲಿ ಅದಕ್ಕೆ ಸೇರಿಕೊಂಡದ್ದು. ಕಾರಿನೊಳಗೆ ಮಳೆನೀರು ಎಲ್ಲಿಂದ ಬರುತ್ತಿದೆಯೆಂದು ಹುಡುಕುವವನು ಈ ಚರಿತ್ರೆಯನ್ನು ಸ್ವಲ್ಪ ಬಲ್ಲವನಾಗಿದ್ದರೆ ಅವನ ಕೆಲಸ ಅರ್ಧ ಮುಗಿದಂತೆ ಎಂಬುದು ನನ್ನ ಅನುಭವದಿಂದ ದೃಢವಾದ ಅಭಿಪ್ರಾಯ.

1886ರಲ್ಲಿ ಕಾರ್ಲ್ ಬೆಂಜ್ ಹಕ್ಕುಪತ್ರ ಪಡೆದ ಮೂರು ಚಕ್ರದ ವಾಹನ ಪೂರ್ತಿ ಬಯಲು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರುಗಳಲ್ಲಿ ಹೆಚ್ಚಿನವು ಮಡಿಸಬಹುದಾದ ಬಟ್ಟೆಯ ಮಾಡಿನವು. ಮಳೆ ಬಂದರೆ ಪಕ್ಕಗಳಿಗೆ ಪರದೆ ಇಳಿಬಿಟ್ಟು ಗುಂಡಿ ಹಾಕಿಕೊಳ್ಳಬೇಕು. ಹೊರಗೆ ಕಾಣಲೆಂದು ಆ ಪರದೆಗೆ ಪಾರದರ್ಶಕ ಹಾಳೆಯ ಸಣ್ಣ ಕಿಂಡಿಗಳು. ನಮ್ಮ ಬಾಲ್ಯದಲ್ಲಿ ಮಲೆನಾಡಿನ ಖಾಸಗಿ ಬಸ್ಸುಗಳ ಕಿಟಕಿಗೆ ಸುತ್ತಿ ಕಟ್ಟಿರುತ್ತಿದ್ದ ಟಾರ್ಪಾಲು, ಇಂದಿಗೂ ಮಳೆಗಾಲದಲ್ಲಿ ಆಟೋರಿಕ್ಷಾಗಳಿಗೆ ಇಳಿಬಿಡುವ ಪರದೆ, ಇವೆರಡೂ ಅದೇ ವಂಶದವು. ಎದುರುಗಾಜಿನ ನೀರನ್ನು ಒಳಗೆ ಕುಳಿತೇ ಒರೆಸುವ ಕೈಪಿಡಿಯ ಸಾಧನಕ್ಕೆ ಅಲಬಾಮಾದ ಮೇರಿ ಆಂಡರ್ಸನ್ ಎಂಬ ಮಹಿಳೆ ಹಕ್ಕುಪತ್ರ ಪಡೆದದ್ದು 1903ರಲ್ಲಿ. ಆಕೆಗೆ ಅದರಿಂದ ಬಂದ ಆದಾಯ ಶೂನ್ಯ.

ಆ ಕಾಲದಲ್ಲಿ ಯಾರು ನೆನೆಯಬೇಕು, ಯಾರು ನೆನೆಯಬಾರದು ಎಂಬುದೂ ಅಂತಸ್ತಿನ ವಿಷಯವಾಗಿತ್ತು. ಲಿಮೋಸಿನ್ ಎಂದರೆ ನಮಗೆ ಇಂದು ಉದ್ದನೆಯ ಐಷಾರಾಮಿ ಕಾರು ನೆನಪಾಗುತ್ತದೆ. ಮೊದಮೊದಲು ಆ ಹೆಸರು, ಧಣಿಗಳು ಗಾಜಿನ ಕೋಣೆಯೊಳಗೆ ಬೆಚ್ಚಗೆ ಕುಳಿತು, ಚಾಲಕನು ಮುಂದೆ ಪಕ್ಕಗಳೇ ಇಲ್ಲದ ಜಾಗದಲ್ಲಿ ಕುಳಿತಿರುತ್ತಿದ್ದ ವಾಹನದ್ದು. ಮೇಲೆ ಮಾಡು ಚಾಚಿದ್ದರೂ ಎರಚಲು ಅವನ ಪಾಲಿಗೇ. ಕುದುರೆ ಗಾಡಿಯಲ್ಲಿ ಸಾರಥಿ ಹೊರಗೆ ಕೂರುತ್ತಿದ್ದನಲ್ಲ, ಕುದುರೆ ಹೋದ ಮೇಲೂ ಅವನ ಸ್ಥಾನ ಬದಲಾಗಲಿಲ್ಲ. ಅವನು ಒಳಗೆ ಬಂದದ್ದು ಕರುಣೆಯಿಂದಲ್ಲ, ಮುಚ್ಚಿದ ಕಾರು ಅಗ್ಗವಾದದ್ದರಿಂದ. ಜನರಲ್ ಮೋಟರ್ಸ್‌ನ ಮುಖ್ಯಸ್ಥರಾಗಿದ್ದ ಆಲ್‌ಫ್ರೆಡ್ ಸ್ಲೋನ್ ಕೊಟ್ಟಿರುವ ಲೆಕ್ಕದಂತೆ, ಅಮೆರಿಕದಲ್ಲಿ 1919ರಲ್ಲಿ ಮುಚ್ಚಿದ ಕಾರುಗಳ ಪಾಲು ಸುಮಾರು ಶೇ. 10, 1924ರಲ್ಲಿ ಶೇ. 43, 1927ರಲ್ಲಿ ಶೇ. 85. ಎಂಟೇ ವರ್ಷಗಳಲ್ಲಿ ಒಂದು ದೇಶದ ವಾಹನಗಳೆಲ್ಲ ಮಾಡಿನ ಕೆಳಗೆ ಬಂದವೆನ್ನಬಹುದು. ಹಡ್ಸನ್ ಕಂಪನಿಯ ಎಸೆಕ್ಸ್ ಎಂಬ ಮುಚ್ಚಿದ ಕಾರಿನ ಬೆಲೆ 1925ರ ಹೊತ್ತಿಗೆ ಅದೇ ಕಂಪನಿಯ ತೆರೆದ ಕಾರಿಗಿಂತಲೂ ಕೆಳಗಿಳಿದಿತ್ತು.

ಆದರೆ ಮಾಡು ಬಂದಿತೆಂದ ಮಾತ್ರಕ್ಕೆ ಸೋರುವುದು ನಿಂತಿತೆ? ಇಡೀ ಚಾವಣಿಗೆ ಸಾಲುವಷ್ಟು ಅಗಲದ ಉಕ್ಕಿನ ತಗಡನ್ನು ಅಂದಿನ ಕಾರ್ಖಾನೆಗಳು ಸುಲಭವಾಗಿ ಮಾಡಲಾರದಾಗಿದ್ದವು. ಹಾಗಾಗಿ ಸುತ್ತಲೂ ಉಕ್ಕು, ನಡುವೆ ಮರದ ಪಟ್ಟಿಗಳು, ಅದರ ಮೇಲೆ ಹತ್ತಿಯ ಮೆತ್ತೆ, ಅದರ ಮೇಲೆ ಮೇಣಗಪಟದಂಥ ಬಟ್ಟೆ, ಹೀಗಿತ್ತು ಚಾವಣಿ. ಬಟ್ಟೆಯೂ ಉಕ್ಕೂ ಕೂಡುವ ಸಂದಿನಲ್ಲಿ ನೀರು ಇಳಿಯುತ್ತಿತ್ತು. ಒಳಗಿನ ಮರ ಕೊಳೆಯುತ್ತಿತ್ತು. ಅಗಲವಾದ ತಗಡನ್ನು ಎಡೆಬಿಡದೆ ಎಳೆಯುವ ಯಂತ್ರಗಳು 1920ರ ದಶಕದಲ್ಲಿ ಬಂದ ಮೇಲೆ, 1935ರ ಮಾದರಿಗಳಿಗೆ ಜನರಲ್ ಮೋಟರ್ಸ್ ಸಂಸ್ಥೆ ಒಂದೇ ತಗಡಿನಿಂದ ಒತ್ತಿದ ಪೂರ್ಣ ಉಕ್ಕಿನ ಚಾವಣಿಯನ್ನು ತಂದಿತು. ಮೇಲಿನಿಂದ ಸೋರುವ ಕಥೆ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು. ಪಕ್ಕದಿಂದ ಸೋರುವ ಕಥೆ ಅಲ್ಲಿಂದ ಮೊದಲಾಯಿತೆಂದು ಬೇಕಾದರೆ ಹೇಳಬಹುದು.

ಇಲ್ಲಿ ಓದುಗ ಮಿತ್ರರು ಒಂದು ಅಂಶವನ್ನು ಗಮನಿಸಬೇಕು. ಕಾರು ನೀರನ್ನು ಒಳಗೆ ಬಿಡುವುದೇ ಇಲ್ಲವೆಂಬುದು ನಮ್ಮೆಲ್ಲರ ಕಲ್ಪನೆ. ವಾಸ್ತವದಲ್ಲಿ ಯಾವ ಕಾರೂ ಹಾಗಿಲ್ಲ. ಅದು ನೀರನ್ನು ಒಳಗೆ ಬಿಟ್ಟುಕೊಂಡು, ದಾರಿ ತೋರಿಸಿ, ಹೊರಗೆ ಕಳಿಸುತ್ತದೆ. ನಮ್ಮ ಹಂಚಿನ ಮನೆಗಳಲ್ಲಿ ಎರಡು ಮಾಡು ಕೂಡುವಲ್ಲಿ, ಅಡಿಕೆ ಮರವನ್ನು ಸೀಳಿ ತಿರುಳು ತೆಗೆದು ದೋಣಿ ಕೊಡುತ್ತಿದ್ದೆವಲ್ಲ, ಅದೇ ನ್ಯಾಯ. ದೋಣಿ ಚೊಕ್ಕಟವಾಗಿದ್ದರೆ ಎಂಥ ಆರಿದ್ರಾ ಮಳೆಯೂ ಅಂಗಳ ಸೇರುತ್ತದೆ. ಅದರಲ್ಲಿ ತರಗೆಲೆ ತುಂಬಿದರೆ ನಡುಮನೆಗೆ ಬರುತ್ತದೆ.

ಹಳೆಯ ಕಾರುಗಳಲ್ಲಿ ಈ ದೋಣಿ ಕಣ್ಣಿಗೆ ಕಾಣುತ್ತಿತ್ತು. ಮಾರಿಸ್ ಆಕ್ಸ್‌ಫರ್ಡ್‌ನಿಂದ ರೂಪುಗೊಂಡು 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಕಾರನ್ನಾಗಲಿ, ಫಿಯೆಟ್ 1100ರ ವಂಶದ ಪ್ರೀಮಿಯರ್ ಪದ್ಮಿನಿಯನ್ನಾಗಲಿ ನೆನಪು ಮಾಡಿಕೊಳ್ಳಿ. ಬಾಗಿಲುಗಳ ನೆತ್ತಿಯ ಮೇಲೆ, ಚಾವಣಿಯ ಅಂಚಿನುದ್ದಕ್ಕೂ ಕಿರುಬೆರಳು ಗಾತ್ರದ ಒಂದು ಕಾಲುವೆ ಹರಿದುಹೋಗುತ್ತಿತ್ತು. ಚಾವಣಿಯ ತಗಡನ್ನೂ ಪಕ್ಕದ ತಗಡನ್ನೂ ಸೇರಿಸಿ ಬೆಸುಗೆ ಹಾಕಿದ ಅಂಚನ್ನೇ ಹಾಗೆ ಮಡಚಿ ಕಾಲುವೆ ಮಾಡಿದ್ದರು. ಸಾಮಾನು ಹೊರುವ ಕ್ಯಾರಿಯರ್ ಕಟ್ಟಲೂ ಅದೇ ಆಧಾರ. ಎರಡು ಕೆಲಸಕ್ಕೆ ಒಂದೇ ಅಂಗ, ಅದೂ ಎಲ್ಲರ ಕಣ್ಣೆದುರು! ಅಂದಿನ ವಿನ್ಯಾಸಕಾರರ ಬಗ್ಗೆ ನನಗೆ ಗೌರವವಿರುವುದು ಇಂಥವುಗಳಿಂದಲೇ.

1973 ಮತ್ತು 1979ರ ತೈಲ ಬಿಕ್ಕಟ್ಟುಗಳು ಆ ಕಾಲುವೆಯನ್ನು ಅಳಿಸಿಹಾಕಿದವು. ಇಂಧನ ಉಳಿಯಬೇಕಾದರೆ ಗಾಳಿಯ ತಡೆ ತಗ್ಗಬೇಕು. ತಡೆ ತಗ್ಗಬೇಕಾದರೆ ಮೈಮೇಲೆ ಅಂಚು, ಕಾಲುವೆ, ಉಬ್ಬು ಇರಕೂಡದು. ಕಿಟಕಿಯ ಗಾಜು ಮೈಯ ಮಟ್ಟಕ್ಕೇ ಬರುವಂತೆ ಮಾಡಿ 1982ರಲ್ಲಿ ಬಂದ ಆಡಿ 100 ಕಾರಿನ ಗಾಳಿತಡೆಯ ಗುಣಾಂಕ 0.30ಕ್ಕೆ ಇಳಿದದ್ದು ಆಗ ದೊಡ್ಡ ಸುದ್ದಿ. ಕ್ರಮೇಣ ಎಲ್ಲ ಕಾರುಗಳೂ ಅದೇ ಹಾದಿ ಹಿಡಿದವು. ಹಾಗೆಂದು ನೀರೇನೂ ಕಡಿಮೆಯಾಗಲಿಲ್ಲ, ದೋಣಿಗಳೂ ಇಲ್ಲವಾಗಲಿಲ್ಲ. ಅವು ಒಳಗೆ ಅಡಗಿದವು ಅಷ್ಟೆ. ಚಾವಣಿಯ ಸಂದು ರಬ್ಬರ್ ಪಟ್ಟಿಯ ಕೆಳಗೆ ಹೋಯಿತು. ಎದುರುಗಾಜಿನ ಬುಡದ ಜಾಲರಿಯೊಳಗೆ ಇಳಿಯುವ ನೀರು ಬಾನೆಟ್ಟಿನ ಹಿಂದಿನ ತೊಟ್ಟಿಯಿಂದ ಎರಡು ಪಕ್ಕದ ಕಿಂಡಿಗಳ ಮೂಲಕ ನೆಲ ಸೇರತೊಡಗಿತು. ಮರದಡಿ ನಿಲ್ಲಿಸಿದ ಕಾರಿನಲ್ಲಿ ಈ ಕಿಂಡಿಗೆ ಎಲೆ ಕಟ್ಟಿಕೊಂಡರೆ ಗಾಳಿ ಬರುವ ದಾರಿಯಲ್ಲಿ ನೀರೇ ಬರುತ್ತದೆ. ಚಾವಣಿಯಲ್ಲಿ ಗಾಜಿನ ಕಿಟಕಿಯುಳ್ಳ ಕಾರುಗಳಲ್ಲಂತೂ ಅದರ ಸುತ್ತಲಿನ ನೀರು ಕಂಬಗಳೊಳಗಿನ ಸಣ್ಣ ಕೊಳವೆಗಳಲ್ಲಿ ಇಳಿದುಹೋಗುತ್ತದೆ. ಕಾರಿನ ಯಜಮಾನನಿಗೆ ಅವುಗಳ ಇರವೇ ತಿಳಿದಿರುವುದಿಲ್ಲ.

ಎಲ್ಲಕ್ಕಿಂತ ವಿಚಿತ್ರವಾದದ್ದು ಬಾಗಿಲು. ಪರದೆಯ ಕಾಲ ಮುಗಿದು, ಗಾಜು ಬಾಗಿಲಿನ ಹೊಟ್ಟೆಯೊಳಗೆ ಇಳಿಯುವಂತಾದ ದಿನವೇ ಮಳೆಗೂ ಅಲ್ಲಿ ಪ್ರವೇಶ ಸಿಕ್ಕಿತು. ಗಾಜಿನ ಬುಡದಲ್ಲಿರುವ ರಬ್ಬರು ನೀರನ್ನು ಒರೆಸುತ್ತದೆಯೇ ಹೊರತು ಪೂರ್ತಿ ತಡೆಯುವುದಿಲ್ಲ. ಒಳಗಿಳಿದ ನೀರು ಬಾಗಿಲಿನ ತಳದ ರಂಧ್ರಗಳಿಂದ ಹೊರಗೆ ಹೋಗಬೇಕೆಂಬುದೇ ಏರ್ಪಾಡು. ಆ ನೀರಿಗೂ ನಮಗೂ ನಡುವೆ ಇರುವುದು, ಕೈಯಿಡುವ ಮೆತ್ತೆಯ ಹಲಗೆಯ ಹಿಂದೆ ಕಪ್ಪು ಅಂಟಿನಿಂದ ಅಂಟಿಸಿದ ಒಂದು ತೆಳು ಪ್ಲಾಸ್ಟಿಕ್ ಹಾಳೆ. ಅಷ್ಟು ದೊಡ್ಡ ಯಂತ್ರದ ಮಾನ ಕಾಯುವುದು ಆ ಹಾಳೆ!

ಇದು ನನಗೆ ತಿಳಿದದ್ದು ನಮ್ಮ ಮನೆಯ ಸಣ್ಣ ಕಾರಿನಿಂದ. 2012ರಲ್ಲಿ ಕೊಂಡ ಕಾರು. 2023ರ ಮಳೆಗಾಲದಲ್ಲಿ ಹಿಂದಿನ ಎಡಗಡೆಯ ಮ್ಯಾಟಿನ ಕೆಳಗೆ ನೀರು ನಿಲ್ಲತೊಡಗಿತು. ಬೂಸಲಿನ ವಾಸನೆ, ನನ್ನ ಶ್ರೀಮತಿಗೆ ಮೊದಲೇ ಉಬ್ಬಸದ ತೊಂದರೆ. ಅವಳು ಕಾರು ಹತ್ತುವುದನ್ನೇ ಬಿಟ್ಟಳು. ವೈದ್ಯರಲ್ಲಿಗೆ ಹೋಗಬೇಕಾದರೂ ಮಳೆಯಲ್ಲಿ ಬಸ್ಸಿಗೆ ಕಾಯುವುದೇ ಮೇಲೆಂದಳು. ಗ್ಯಾರೇಜಿನಲ್ಲಿ ಒಮ್ಮೆ ಹಿಂಬಾಗಿಲಿನ ಬೀಡಿಂಗ್ ಬದಲಿಸಿದರು, ಮತ್ತೊಮ್ಮೆ ಚಾವಣಿಯ ಸಂದಿಗೆ ಸೀಲೆಂಟ್ ಬಳಿದರು. ನೀರು ಮಾತ್ರ ಬಂದೇ ಬಂತು. 2024ರಲ್ಲಿ ಮತ್ತೆ ಅದೇ. "ತಳ ತುಕ್ಕು ಹಿಡಿದ್ರೆ ಹದಿನೈದು ವರ್ಷಕ್ಕೆ ಎಫ್‌ಸಿ ಆಗೋದು ಕಷ್ಟ, ಈಗ್ಲೇ ಕೊಟ್ಬಿಡಿ ಸಾರ್" ಎಂದ ಮೆಕ್ಯಾನಿಕ್. ನನ್ನ ಹಳೆಯ ವಿದ್ಯಾರ್ಥಿ, ಹಿತಕ್ಕೇ ಹೇಳಿದ್ದು. ಆದರೆ ನಿವೃತ್ತಿವೇತನದಲ್ಲಿ ಬದುಕುವವನಿಗೆ ಕಾರು ಕೊಡುವುದು ಸುಲಭ, ಇನ್ನೊಂದನ್ನು ಕೊಳ್ಳುವುದಲ್ಲ.

ಮಕ್ಕಳಿಗೆ ನಾನು ಹೇಳಿಕೊಡುತ್ತಿದ್ದ ಮೊದಲ ಪ್ರಶ್ನೆ "ಯಾವಾಗ?" ಎಂಬುದು. ಕುಳಿತು ಯೋಚಿಸಿದೆ. 2022ರವರೆಗೆ ಒಂದು ಹನಿಯೂ ಬಂದದ್ದಿಲ್ಲ. ಎರಡನೆಯದು, ಪೇಟೆಯಲ್ಲಿ ಗಂಟೆಗಟ್ಟಲೆ ಮಳೆಯಲ್ಲಿ ನಿಂತರೂ ಕಾರು ಒಣಗಿಯೇ ಇರುತ್ತಿತ್ತು. ಮನೆಯಂಗಳದಲ್ಲಿ ರಾತ್ರಿ ನಿಂತರೆ ಮಾತ್ರ ಒದ್ದೆ. ನಮ್ಮ ಅಂಗಳದಲ್ಲಿ ಕಾರಿನ ಎಡಮಗ್ಗುಲು ಪಡುವಣಕ್ಕಿರುತ್ತದೆ, ಮುಂಗಾರಿನ ಎರಚಲು ಬರುವುದೂ ಆ ದಿಕ್ಕಿನಿಂದಲೇ. ಅಲ್ಲಿಗೆ ಚಾವಣಿಯನ್ನು ಆರೋಪದಿಂದ ಬಿಡುಗಡೆ ಮಾಡಿದೆ. ಮ್ಯಾಟಿನ ನೀರು ಏಸಿಯದಾಗಲಿ ಎಂಜಿನ್ನಿನದಾಗಲಿ ಅಲ್ಲವೆಂಬುದಕ್ಕೆ, ಬಿಸಿಲುಗಾಲದಲ್ಲಿ ಎಷ್ಟು ಓಡಿಸಿದರೂ ಅದು ಬಾರದಿದ್ದುದೇ ಸಾಕ್ಷಿ.

ಆಮೇಲೆ ಕೈಗೆತ್ತಿಕೊಂಡದ್ದು ಸೀಮೆಸುಣ್ಣ. ಬಾಗಿಲಿನ ಬೀಡಿಂಗಿಗೆ ಸುತ್ತಲೂ ಒಣಸುಣ್ಣ ಬಳಿದು, ಬಾಗಿಲನ್ನು ಒಮ್ಮೆ ಹಾಕಿ ತೆಗೆದೆ. ಬೀಡಿಂಗ್ ಎಲ್ಲೆಲ್ಲಿ ಒತ್ತುತ್ತದೆಯೋ ಅಲ್ಲೆಲ್ಲ ಎದುರಿನ ತಗಡಿನ ಮೇಲೆ ಬಿಳಿಯ ಗೆರೆ ಮೂಡುತ್ತದೆ; ಗೆರೆ ಕಡಿದಲ್ಲಿ ಸಂದು. ನಮ್ಮದರಲ್ಲಿ ಗೆರೆ ಎಲ್ಲಿಯೂ ಕಡಿದಿರಲಿಲ್ಲ. ಅಂದರೆ ಬದಲಿಸಿದ ಬೀಡಿಂಗೂ ಸರಿ, ಬಹುಶಃ ಹಳೆಯದೂ ಸರಿಯೇ ಇದ್ದಿರಬೇಕು. ನಂತರ ಒಳಗೆ ಹಳೆಯ ವೃತ್ತಪತ್ರಿಕೆ ಹಾಸಿ, ಶ್ರೀಮತಿ ಮೂಗಿಗೆ ಸೆರಗು ಹಿಡಿದು ಟಾರ್ಚಿನೊಡನೆ ಕುಳಿತಳು. ನಾನು ಹೊರಗಿನಿಂದ ಕೊಡಪಾನದಲ್ಲಿ ನೀರು ಹೊಯ್ಯುತ್ತ ಬಂದೆ. ಇಂಥ ಪರೀಕ್ಷೆಯನ್ನು ಕೆಳಗಿನಿಂದ ಮೇಲಕ್ಕೆ ಮಾಡಬೇಕು. ಮೇಲಿನಿಂದ ಮಾಡಿದರೆ ಇಳಿಯುವ ನೀರು ಎಲ್ಲ ಸಂದುಗಳನ್ನೂ ಏಕಕಾಲಕ್ಕೆ ತೋಯಿಸಿ ಯಾವ ನಿರ್ಣಯಕ್ಕೂ ಅವಕಾಶ ಕೊಡದು. ಹೊಸ್ತಿಲಿಗೆ ಹೊಯ್ದೆ, ಏನೂ ಇಲ್ಲ. ಬಾಗಿಲಿನ ಕೆಳಭಾಗಕ್ಕೆ ಹೊಯ್ದೆ, ಇಲ್ಲ. ಕಿಟಕಿಯ ಗಾಜಿಗೆ ಮೂರು ಕೊಡ ಹೊಯ್ಯುವಷ್ಟರಲ್ಲಿ ಒಳಗಿನಿಂದ ಕೂಗಿದಳು: "ಬಂತು, ಬಂತು! ಸ್ಪೀಕರಿನ ಅಡಿಯಿಂದ ಇಳೀತಾ ಇದೆ ನೋಡಿ!"

ಸ್ಪೀಕರು! 2022ರ ದೀಪಾವಳಿಗೆ ಬಂದ ಮಗ ಪೇಟೆಯ ಅಂಗಡಿಯೊಂದರಲ್ಲಿ ಹಿಂಬಾಗಿಲುಗಳಿಗೆ ಹಾಡಿನ ಸ್ಪೀಕರು ಹಾಕಿಸಿದ್ದ. ಬಾಗಿಲಿನ ಹಲಗೆ ಬಿಚ್ಚಿ ನೋಡಿದರೆ, ಅಂಗಡಿಯವರು ಪ್ಲಾಸ್ಟಿಕ್ ಹಾಳೆಯನ್ನು ಅಂಗೈಯಗಲ ಕತ್ತರಿಸಿ, ಉಳಿದುದನ್ನು ಜೋತುಬಿಟ್ಟಿದ್ದರು. ಗಾಜಿನಿಂದ ಇಳಿದ ನೀರು ಸ್ಪೀಕರಿನ ಬಳೆಯ ಮೇಲೆ ಬಿದ್ದು, ಹಲಗೆಯ ಹಿಂಬದಿಯಲ್ಲಿ ಜಾರಿ, ಬೀಡಿಂಗಿನ ಒಳಪಕ್ಕಕ್ಕೇ ಇಳಿದು, ಕಾರ್ಪೆಟ್ಟಿನ ಕೆಳಗಿನ ದಪ್ಪ ಉಣ್ಣೆಯಂಥ ಹಾಸನ್ನು ಸೇರುತ್ತಿತ್ತು. ನೀರಿನ ಪ್ರವೇಶ ಬಾಗಿಲಿನ ನಡುವೆ; ನಮಗೆ ಅದು ಕಾಣುತ್ತಿದ್ದುದು ಒಂದೂವರೆ ಅಡಿ ಕೆಳಗೆ, ಕಾಲಿಡುವ ತಗ್ಗಿನಲ್ಲಿ.

ಸೀಳಿದ ಹಾಳೆ ಕಿತ್ತು, ದಪ್ಪನೆಯ ಪ್ಲಾಸ್ಟಿಕ್ಕನ್ನು ಅದೇ ಅಳತೆಗೆ ಕತ್ತರಿಸಿ, ಕೆಳಗಿನ ಅಂಚು ಬಾಗಿಲಿನ ಒಳಕ್ಕೇ ಮಡಚಿಕೊಳ್ಳುವಂತೆ ಕಪ್ಪು ಅಂಟುಪಟ್ಟಿಯಿಂದ ಅಂಟಿಸಿದೆವು. ಸ್ಪೀಕರಿನ ಬೆನ್ನಿಗೆ ಒಂದು ಸಣ್ಣ ಸೂರು ಮಾಡಿದೆವು. ಖರ್ಚು ನೂರೈವತ್ತು ರೂಪಾಯಿಯೊಳಗೆ. ಬಲಬಾಗಿಲಿನದೂ ಅದೇ ಗತಿಯಾಗಿದ್ದರಿಂದ ಅದಕ್ಕೂ ಅದೇ ಚಿಕಿತ್ಸೆ. ಕಾರ್ಪೆಟ್ಟಿನಡಿಯ ಹಾಸು ಒಣಗಲು ಬಚ್ಚಲೊಲೆಯ ಪಕ್ಕದಲ್ಲಿ ಹನ್ನೆರಡು ದಿನ ಬೇಕಾಯಿತು. ತಳದ ತಗಡಿನಲ್ಲಿ ತುಕ್ಕು ಆಗಲೇ ಎರಡು ಕಡೆ ಹೊಪ್ಪಳೆ ಎದ್ದಿತ್ತು, ತೂತಾಗಿರಲಿಲ್ಲ. ನನ್ನ ಶಿಷ್ಯ ಅದನ್ನು ಕೆರೆದು, ರೆಡ್ ಆಕ್ಸೈಡ್ ಹೊಡೆದು, "ಇನ್ನೊಂದು ಮಳೆಗಾಲ ಬಿಟ್ಟಿದ್ರೆ ತಟ್ಟೆ ಹಾಕಿ ವೆಲ್ಡಿಂಗ್ ಮಾಡ್ಬೇಕಾಗ್ತಿತ್ತು ಸಾರ್" ಎಂದ. ಸೀಮೆಸುಣ್ಣದ ಉಪಾಯವನ್ನು ಮಾತ್ರ ಎರಡು ಬಾರಿ ಕೇಳಿ ತಿಳಿದುಕೊಂಡ. ಈಗ ಅವನ ಗ್ಯಾರೇಜಿನ ಗೂಡಿನಲ್ಲಿ ಒಂದು ಪೆಟ್ಟಿಗೆ ಸೀಮೆಸುಣ್ಣವಿದೆ.

2025ರ ಮಳೆಗಾಲದ ಉದ್ದಕ್ಕೂ ಮ್ಯಾಟಿನ ಕೆಳಗೆ ಒಂದು ಹಾಳೆ ವೃತ್ತಪತ್ರಿಕೆ ಇಟ್ಟು ವಾರಕ್ಕೊಮ್ಮೆ ತೆಗೆದು ನೋಡುತ್ತಿದ್ದೆ. ಗರಿಗರಿಯಾಗಿಯೇ ಇರುತ್ತಿತ್ತು.