ಹೋಲಿಕೆಗೆ ಯಾವ ಊರು? ತುಮಕೂರು ಜಿಲ್ಲೆಯಲ್ಲಿ ಅರೆಪ್ರಾಯೋಗಿಕ ಸಂಶೋಧನೆ ನಡೆದು ಬಂದ ದಾರಿ

ಅರೆಪ್ರಾಯೋಗಿಕ ವಿನ್ಯಾಸಗಳ ಚರಿತ್ರೆ ಹೇಳುವವರು ಸಾಮಾನ್ಯವಾಗಿ 1963ರಿಂದ ಆರಂಭಿಸುತ್ತಾರೆ. ಡೊನಾಲ್ಡ್ ಕ್ಯಾಂಪ್‌ಬೆಲ್ ಮತ್ತು ಜೂಲಿಯನ್ ಸ್ಟ್ಯಾನ್ಲಿ ಬೋಧನೆಯ ಸಂಶೋಧನೆ ಕುರಿತ ಕೈಪಿಡಿಯೊಂದಕ್ಕೆ ಬರೆದ ದೀರ್ಘ ಅಧ್ಯಾಯ ಅಚ್ಚಾದದ್ದು ಆ ವರ್ಷ. ಚೀಟಿ ಎತ್ತಿ ಜನರನ್ನು ಎರಡು ಗುಂಪು ಮಾಡಲಾಗದ ಕಡೆ ಏನು ಮಾಡಬೇಕು, ಆಗ ಬರುವ ಫಲಿತಾಂಶವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಅವರು ಕ್ರಮವಾಗಿ ವಿಂಗಡಿಸಿ ತೋರಿಸಿದರು. 1966ರಲ್ಲಿ ಅದು ಪ್ರತ್ಯೇಕ ಪುಸ್ತಕವಾಗಿ ಬಂತು. ನಮ್ಮ ಸಮಾಜಕಾರ್ಯ ವಿಭಾಗಗಳ ಸಂಶೋಧನಾ ವಿಧಾನದ ಪಾಠ ಇಂದಿಗೂ ಆ ವಿಂಗಡಣೆಯ ನೆರಳಿನಲ್ಲೇ ನಡೆಯುತ್ತಿದೆ.

ಅದೇ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳ ಕುರಿತ ಲೇಖನವೊಂದು ಬಂತು. ಬರೆದವರು ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಇವರು ಕ್ಯಾಂಪ್‌ಬೆಲ್ಲರ ಅಧ್ಯಾಯ ಓದಿ ಹೊರಟವರಲ್ಲ. ಆದರೂ ತುಮಕೂರಿನ ಮಟ್ಟಿಗೆ ಚರಿತ್ರೆ ತೊಡಗಬೇಕಾದ್ದು ಇವರಿಂದಲೇ ಎಂಬುದು ಈ ಲೇಖನದ ವಾದ. ಜಿಲ್ಲೆಯಲ್ಲಿ ಅರವತ್ತು ವರ್ಷಗಳಿಂದ ನಡೆದ ಇಂಥ ಅಧ್ಯಯನಗಳ ಮುಖ್ಯ ತೊಡಕು ಅಂಕಿಅಂಶದ ಲೆಕ್ಕಾಚಾರದಲ್ಲಿ ಇರಲಿಲ್ಲ. ಹೋಲಿಕೆಗೆ ಯಾರನ್ನು, ಯಾವ ಊರನ್ನು ನಿಲ್ಲಿಸಿಕೊಳ್ಳಬೇಕು ಎಂಬಲ್ಲಿ ಇತ್ತು. ಹೋಲಿಕೆಯ ಊರನ್ನು ಬಲ್ಲವರ ಅಧ್ಯಯನ ಗಟ್ಟಿಯಾಗಿ ನಿಂತಿತು. ಬರೀ ನಕ್ಷೆಯ ಗೆರೆ ನೋಡಿ ಆರಿಸಿಕೊಂಡವರದು ಅಲುಗಾಡಿತು.

ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಕೆಲಸ ಆರಂಭಿಸಿತು; 1960ರಲ್ಲಿ ಜವಾಹರಲಾಲ್ ನೆಹರೂ ಅದನ್ನು ಉದ್ಘಾಟಿಸಿದರು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದ ಹಾಲ್ಫ್‌ಡನ್ ಮಾಹ್ಲರ್ ಆಗ ಇಲ್ಲಿದ್ದರು. ದೇಶಕ್ಕೊಂದು ಕ್ಷಯ ನಿಯಂತ್ರಣ ಕಾರ್ಯಕ್ರಮ ಬೇಕಿತ್ತು. ಪಶ್ಚಿಮದ ಮಾದರಿಯಂತೆ ಎಕ್ಸ್‌ರೇ ವ್ಯಾನು ಹಳ್ಳಿಹಳ್ಳಿಗೆ ಹೋಗಿ ರೋಗಿಗಳನ್ನು ಹುಡುಕಬೇಕು ಎಂಬುದು ಚಾಲ್ತಿಯಲ್ಲಿದ್ದ ಅಭಿಪ್ರಾಯ. ಹಳ್ಳಿಯವರಿಗೆ ಕಾಯಿಲೆಯ ಅರಿವಿಲ್ಲ, ಅರಿವಿದ್ದರೂ ಆಸ್ಪತ್ರೆಗೆ ಬರುವುದಿಲ್ಲ ಎಂಬ ನಂಬಿಕೆ ಅದರ ಬೆನ್ನಿಗಿತ್ತು. 1960–61ರಲ್ಲಿ ತುಮಕೂರು ಜಿಲ್ಲೆಯಲ್ಲಿ ಸಾಮೂಹಿಕ ಎಕ್ಸ್‌ರೇ ಸಮೀಕ್ಷೆ ನಡೆದಾಗ ಬ್ಯಾನರ್ಜಿ ಮತ್ತು ಆಂಡರ್ಸನ್ ಈ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡಿದರು. ಕ್ಷಯ ಇದೆಯೆಂದು ಸಮೀಕ್ಷೆಯಲ್ಲಿ ಗೊತ್ತಾದವರ ಜೊತೆಗೆ, ವಯಸ್ಸು ಮತ್ತು ಲಿಂಗದಲ್ಲಿ ಅವರಿಗೆ ಹೊಂದುವ, ಎದೆಯ ಚಿತ್ರ ಸ್ವಚ್ಛವಾಗಿದ್ದವರನ್ನೂ ಆರಿಸಿ ಇಬ್ಬರನ್ನೂ ಸಂದರ್ಶಿಸಲು ಸಾಮಾಜಿಕ ಸಂಶೋಧಕರನ್ನು ಕಳಿಸಿದರು.

ಈ ಎರಡನೆಯ ಗುಂಪಿನ ಮಹತ್ವ ಎಷ್ಟೆಂಬುದು ಕೆಮ್ಮಿನ ಪ್ರಶ್ನೆಯೊಂದನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಸೌದೆ ಒಲೆಯ ಹೊಗೆ, ಬೀಡಿ, ಒಕ್ಕಣೆಯ ಧೂಳು ಇವುಗಳ ನಡುವೆ ಬದುಕುವ ಊರಿನಲ್ಲಿ ಕ್ಷಯರೋಗಿಯೊಬ್ಬ ‘ಕೆಮ್ಮಿದೆ ಸ್ವಾಮಿ’ ಎಂದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ. ಪಕ್ಕದ ಮನೆಯವನೂ ಹಾಗೇ ಹೇಳಬಹುದು. ಅದೇ ಊರಿನ, ಅದೇ ವಯಸ್ಸಿನ, ರೋಗವಿಲ್ಲದವನಿಗೂ ಅದೇ ಪ್ರಶ್ನೆ ಕೇಳಿದಾಗಲಷ್ಟೇ ರೋಗಿಯ ಉತ್ತರಕ್ಕೆ ಅರ್ಥ ಬರುತ್ತದೆ. ಫಲಿತಾಂಶ ಆಗಿನ ತಜ್ಞರ ನಿರೀಕ್ಷೆಯನ್ನು ತಲೆಕೆಳಗು ಮಾಡಿತು. ಕಫದಲ್ಲಿ ಕ್ರಿಮಿ ಕಂಡುಬಂದವರಲ್ಲಿ ಬಹುತೇಕರಿಗೆ ಲಕ್ಷಣಗಳ ಅರಿವಿತ್ತು. ಅರ್ಧದಷ್ಟು ಮಂದಿ ಆಗಲೇ ಪರಿಹಾರ ಹುಡುಕಿಕೊಂಡು ಹೋಗಿದ್ದರು. ಅಲ್ಲಿ ಅವರಿಗೆ ಸರಿಯಾದ ರೋಗಪತ್ತೆ ಆಗಿರಲಿಲ್ಲ, ಅಷ್ಟೆ. ಹುಡುಕಿಕೊಂಡು ಹೋಗುವುದಕ್ಕಿಂತ ಬಂದವರ ಕಫವನ್ನು ಹತ್ತಿರದ ಆಸ್ಪತ್ರೆಯಲ್ಲೇ ಪರೀಕ್ಷಿಸುವ ಏರ್ಪಾಡು ಮಾಡಿ ಎಂಬ ತಿಳಿವು ಇಲ್ಲಿಂದ ಬಲ ಪಡೆಯಿತು. 1962ರಲ್ಲಿ ರೂಪುಗೊಂಡ ಜಿಲ್ಲಾ ಕ್ಷಯ ಕಾರ್ಯಕ್ರಮದ ತಳಹದಿ ಈ ತಿಳಿವೇ.

ಕಟ್ಟುನಿಟ್ಟಾಗಿ ನೋಡಿದರೆ ಇದು ಅರೆಪ್ರಯೋಗವಲ್ಲ. ಸಂಶೋಧಕರು ಯಾವ ಕಾರ್ಯಕ್ರಮವನ್ನೂ ಕೊಟ್ಟಿರಲಿಲ್ಲ, ಇರುವುದನ್ನು ಹೋಲಿಸಿದರು. ಹೀಗಿದ್ದೂ ಹೊಂದಿಸಿದ ಹೋಲಿಕೆ ಗುಂಪು ಎಂಬ ಅರೆಪ್ರಯೋಗದ ಬೆನ್ನೆಲುಬು ಇಲ್ಲಿ ನಿಚ್ಚಳವಾಗಿದೆ. ಸಮಾಜಕಾರ್ಯದ ವಿದ್ಯಾರ್ಥಿಗಳಿಗೆ ಇದನ್ನು ಓದಿಸಬೇಕಾದ್ದು ಇದಕ್ಕಾಗಿಯೇ. ಅಮೆರಿಕದ ಶಾಲಾ ಕೊಠಡಿಗಳ ಉದಾಹರಣೆಗಳಿಂದ ಪಾಠ ತೊಡಗುವ ನಮಗೆ ನಮ್ಮ ಜಿಲ್ಲೆಯದೇ ಅಧ್ಯಯನ ಪರಕೀಯವಾಗಿ ಉಳಿದಿರುವುದು ವಿಚಿತ್ರ.

ಇದೇ ಜಿಲ್ಲೆಗೆ ಸಂಸ್ಥೆಯವರು 1972–73ರಲ್ಲಿ ಮತ್ತೆ ಬಂದರು. ಮೊದಲ ಸಮೀಕ್ಷೆಯ ಹನ್ನೆರಡು ವರ್ಷಗಳ ನಂತರ ಕ್ಷಯ ಎಷ್ಟಿದೆ ಎಂದು ಅಳೆದ ಜಿ.ಡಿ. ಗೋಥಿ ಮತ್ತು ಸಂಗಡಿಗರ ವರದಿ 1979ರಲ್ಲಿ ಪ್ರಕಟವಾಯಿತು. ರೋಗದ ಒಟ್ಟಾರೆ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಹಾಗಾದರೆ ಕ್ಷಯ ಕಾರ್ಯಕ್ರಮ ಸೋತಿತೇ? ಒಂದೇ ಜಿಲ್ಲೆ, ಒಮ್ಮೆ ಮೊದಲು, ಒಮ್ಮೆ ಆಮೇಲೆ ಎಂಬ ವಿನ್ಯಾಸ ಈ ಪ್ರಶ್ನೆಗೆ ಉತ್ತರ ಕೊಡಲಾರದು. ಕಾರ್ಯಕ್ರಮವೇ ಇಲ್ಲದಿದ್ದರೆ ರೋಗ ಏರುತ್ತಿತ್ತೋ, ತಾನಾಗಿ ಇಳಿಯುತ್ತಿತ್ತೋ, ಹಾಗೇ ಇರುತ್ತಿತ್ತೋ ಹೇಳುವ ಇನ್ನೊಂದು ಜಿಲ್ಲೆ ಜೊತೆಯಲ್ಲಿ ಇರಲಿಲ್ಲ. ಆದರೆ ಇಡೀ ದೇಶದಲ್ಲಿ ಕಾರ್ಯಕ್ರಮ ಹಬ್ಬುತ್ತಿದ್ದಾಗ ‘ನಿಮ್ಮ ಜಿಲ್ಲೆಗೆ ಮಾತ್ರ ಔಷಧ ಇಲ್ಲ, ಹೋಲಿಕೆಗೆ ಇರಿ’ ಎನ್ನುವುದೂ ಆಗದ ಮಾತು. ಈ ಇಕ್ಕಟ್ಟು ಇಂದಿಗೂ ಸಮಾಜಕಾರ್ಯದ ಸಂಶೋಧನೆಯ ಬೆನ್ನು ಬಿಟ್ಟಿಲ್ಲ.

ಮುಂದಿನ ದಶಕಗಳಲ್ಲಿ ಹೇಳುವಂಥದ್ದು ಕಡಿಮೆ. 2001ರ ಡಿಸೆಂಬರ್‌ಗೆ ಬಂದರೆ ವಿಷಯ ಮತ್ತೆ ರಂಗೇರುತ್ತದೆ. ಮಲೇರಿಯಾ ಸಂಶೋಧನೆಯ ಎಸ್.ಕೆ. ಘೋಷ್, ಆರ್.ಆರ್. ಪಾಟೀಲ್ ಮತ್ತು ಸಹೋದ್ಯೋಗಿಗಳು ಜಿಲ್ಲೆಯಲ್ಲಿ ಎರಡು ವಾರ ಸಂಜೆ ಹೊತ್ತು ಕಲಾಜಾಥಾ ನಡೆಸಿದರು. ಮೂವತ್ತು ಮಂದಿ ಸ್ಥಳೀಯ ಕಲಾವಿದರು ಮಲೇರಿಯಾ ಹೇಗೆ ಬರುತ್ತದೆ, ಲಾರ್ವಾ ತಿನ್ನುವ ಮೀನು ಬಿಟ್ಟು ಅದನ್ನು ಹೇಗೆ ತಡೆಯಬಹುದು ಎಂಬುದನ್ನು ಆಡಿ ತೋರಿಸಿದರು. ಗುಬ್ಬಿ ವೀರಣ್ಣನವರ ಜಿಲ್ಲೆಯಲ್ಲಿ ನಾಟಕಕ್ಕೆ ಜನ ಸೇರುತ್ತಾರೋ ಇಲ್ಲವೋ ಎಂಬ ಅಂಜಿಕೆ ಯಾರಿಗೂ ಇದ್ದಿರಲಾರದು! ಎರಡು ತಿಂಗಳ ನಂತರ ಕಲಾಜಾಥಾ ನೋಡಿದವರನ್ನೂ ನೋಡದವರನ್ನೂ ಅದೇ ಪ್ರಶ್ನೆಗಳಿಂದ ಮಾತನಾಡಿಸಿದರು.

ಒಂದು ವಿವರ ಗಮನಾರ್ಹ. ಸೊಳ್ಳೆ ಎಂದರೆ ಚರಂಡಿ, ಕೊಳಕು ನೀರು ಎಂಬುದು ಎಲ್ಲರ ಮನಸ್ಸಿನಲ್ಲಿ ಕೂತ ವಿಚಾರ. ಮಲೇರಿಯಾ ಹರಡುವ ಅನಾಫಿಲಿಸ್ ಮೊಟ್ಟೆಯಿಡುವುದು ಬಾವಿಯಂಥ ತಿಳಿನೀರಿನಲ್ಲಿ. ನಾಟಕ ನೋಡಿದವರು ತಿಳಿನೀರಿಗೂ ಸೊಳ್ಳೆಗೂ ಇರುವ ನಂಟನ್ನು ಸಲೀಸಾಗಿ ಗುರುತಿಸಿದರು. ನೋಡದವರಿಗಿಂತ ಅವರ ತಿಳಿವಳಿಕೆ ಸ್ಪಷ್ಟವಾಗಿ ಹೆಚ್ಚಿತ್ತು. 2002ರಲ್ಲಿ ಮೀನು ಬಿಡುವ ಕೆಲಸಕ್ಕೆ ಊರವರು ಕೈಜೋಡಿಸಿದರು, ಪ್ರಕರಣಗಳೂ ಇಳಿದವು. ಊರಿನ ಸ್ವಚ್ಛತೆಯ ರೂಢಿ ಮಾತ್ರ ನಿರೀಕ್ಷಿಸಿದಷ್ಟು ಬದಲಾಗಲಿಲ್ಲ ಎಂದು ಲೇಖಕರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. 2006ರಲ್ಲಿ ಮಲೇರಿಯಾ ಜರ್ನಲ್‌ನಲ್ಲಿ ಬಂದ ಈ ಲೇಖನದ ಮೇಲೆ ನನಗೆ ವಿಶ್ವಾಸ ಹುಟ್ಟಿಸಿದ್ದು ಆ ಒಪ್ಪಿಗೆಯೇ.

ಆದರೂ ಕೇಳಬೇಕಾದ ಪ್ರಶ್ನೆಗಳಿವೆ. ಸಂಜೆ ನಾಟಕಕ್ಕೆ ಬಂದು ಕೂರುವವರು ಯಾರು? ಹಾಲು ಕರೆದು, ಅಡುಗೆ ಮುಗಿಸಿ ಬರಬಲ್ಲ ಹೆಂಗಸರು ಎಷ್ಟು ಮಂದಿ? ಮೊದಲೇ ಕುತೂಹಲವಿದ್ದವರು ನಾಟಕ ನೋಡಿದ್ದರೆ ಎರಡು ಗುಂಪಿನ ಅಂತರದಲ್ಲಿ ಒಂದು ಪಾಲು ಆ ಕುತೂಹಲದ್ದು. ಇದು ಆಯ್ಕೆಯ ದೋಷ. ಎರಡನೆಯದು ಇದಕ್ಕೆ ತದ್ವಿರುದ್ಧ: ನಾಟಕದ ಹಾಡು ಊರಗಡಿಯಲ್ಲಿ ನಿಲ್ಲುವುದಿಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ, ನೆಂಟರ ಮನೆಯಲ್ಲಿ ಅದು ನೋಡದವರ ಕಿವಿಗೂ ಬಿದ್ದಿದ್ದರೆ ನಿಜವಾದ ಪರಿಣಾಮ ಕಂಡದ್ದಕ್ಕಿಂತ ದೊಡ್ಡದು. ಇನ್ನು ಮಲೇರಿಯಾ ಮಳೆಯೊಡನೆ ಏರಿಳಿಯುವ ರೋಗ. ಒಂದು ವರ್ಷದ ಇಳಿಕೆಯನ್ನು ಮೀನಿನ ಲೆಕ್ಕಕ್ಕೆ ಬರೆಯುವ ಮುನ್ನ ಹಿಂದಿನ ಹಲವು ವರ್ಷಗಳ ತಿಂಗಳವಾರು ಅಂಕಿಗಳನ್ನು ಸಾಲಾಗಿ ಇಟ್ಟು ನೋಡಬೇಕು. ಕಾಲಸರಣಿ ವಿನ್ಯಾಸ ಎಂದು ಪಠ್ಯಪುಸ್ತಕ ಕರೆಯುವುದು ಇದನ್ನೇ. ಪ್ರಾಥಮಿಕ ಆರೋಗ್ಯ ಕೇಂದ್ರದ ರಕ್ತಲೇಪನ ಪರೀಕ್ಷೆಯ ರಿಜಿಸ್ಟರ್ ಸಿಕ್ಕರೆ ಇದಕ್ಕೆ ಹೊಸ ಸಮೀಕ್ಷೆಯೇ ಬೇಡ.

ಸರ್ಕಾರ ತಾನೇ ಎಳೆದ ಗೆರೆಗಳೂ ಹೋಲಿಕೆಯ ಗುಂಪುಗಳನ್ನು ಹುಟ್ಟಿಸುತ್ತವೆ. ಉದ್ಯೋಗ ಖಾತ್ರಿ ಯೋಜನೆ 2006ರ ಫೆಬ್ರವರಿಯಲ್ಲಿ ದೇಶದ 200 ಜಿಲ್ಲೆಗಳಲ್ಲಿ ಜಾರಿಗೆ ಬಂದಾಗ ನೆರೆಯ ಚಿತ್ರದುರ್ಗ ಆ ಪಟ್ಟಿಯಲ್ಲಿತ್ತು. ತುಮಕೂರಿಗೆ ಅದು ಬಂದದ್ದು ಮೂರನೆಯ ಹಂತದಲ್ಲಿ, 2008ರ ಏಪ್ರಿಲ್‌ಗೆ. ಹಿರಿಯೂರು ಮತ್ತು ಶಿರಾ ಒಂದಕ್ಕೊಂದು ತಾಗಿಕೊಂಡ ತಾಲ್ಲೂಕುಗಳು. ಮಳೆ, ಮಣ್ಣು, ಬೆಳೆ ಹೆಚ್ಚುಕಡಿಮೆ ಒಂದೇ. ಗೆರೆಯ ಆಚೆ ಕೂಲಿಗೆ ಕಾನೂನಿನ ಖಾತ್ರಿ, ಈಚೆ ಎರಡು ವರ್ಷ ಅದಿಲ್ಲ. ದೇಶಮಟ್ಟದ ಹಲವು ಅಧ್ಯಯನಗಳು ಈ ಹಂತಹಂತದ ಜಾರಿಯನ್ನೇ ಬಳಸಿಕೊಂಡು, ಎರಡೂ ಕಡೆ ಆದ ಬದಲಾವಣೆಗಳ ನಡುವಿನ ವ್ಯತ್ಯಾಸವನ್ನು ಅಳೆದವು. ಮೊದಲ ಹಂತದ ಜಿಲ್ಲೆಗಳನ್ನು ಹಿಂದುಳಿದವೆಂದೇ ಆರಿಸಿದ್ದರಿಂದ ಜಿಲ್ಲೆಗೆ ಜಿಲ್ಲೆ ಹೋಲಿಸುವುದು ತಪ್ಪು ದಾರಿಗೆ ಎಳೆಯಬಹುದು. ಗಡಿಯ ಹಳ್ಳಿಗೆ ಗಡಿಯ ಹಳ್ಳಿಯನ್ನು ಹೋಲಿಸಿದರೆ ಆ ಅಪಾಯ ತಗ್ಗುತ್ತದೆ.

ಗಡಿಹಳ್ಳಿಗಳ ಈ ಉಪಾಯ ಕರ್ನಾಟಕದಲ್ಲೇ ಅತ್ಯಂತ ಚೆನ್ನಾಗಿ ಕೆಲಸ ಮಾಡಿದ್ದು ಬಡವರ ಆರೋಗ್ಯ ವಿಮೆಯಾದ ವಾಜಪೇಯಿ ಆರೋಗ್ಯಶ್ರೀ ಯೋಜನೆಯ ಮೌಲ್ಯಮಾಪನದಲ್ಲಿ. 2010ರಲ್ಲಿ ಯೋಜನೆ ಮೊದಲು ಉತ್ತರ ಕರ್ನಾಟಕಕ್ಕೆ ಬಂತು. ನೀರಜ್ ಸೂದ್, ಬೆಂಗಳೂರಿನ ಐಐಎಂನ ಅರ್ನಬ್ ಮುಖರ್ಜಿ ಮತ್ತಿತರರು ಯೋಜನೆ ಇದ್ದ 272 ಹಳ್ಳಿಗಳನ್ನೂ ಗೆರೆಯ ಆಚೆ ಅದು ಇನ್ನೂ ಬಾರದ 300 ಹಳ್ಳಿಗಳನ್ನೂ ಹೋಲಿಸಿದರು. ಬಡ ಕುಟುಂಬಗಳಲ್ಲಿ ಯೋಜನೆ ಭರಿಸುವ ಕಾಯಿಲೆಗಳಿಂದಾದ ಸಾವು ಯೋಜನೆಯಿದ್ದ ಕಡೆ ಶೇ. 0.32, ಇಲ್ಲದ ಕಡೆ ಶೇ. 0.90. ಯೋಜನೆಗೆ ಅರ್ಹರಲ್ಲದ, ಬಡತನ ರೇಖೆಗಿಂತ ಮೇಲಿನ ಕುಟುಂಬಗಳಲ್ಲಿ ಇಂಥ ಅಂತರ ಇರಲಿಲ್ಲ. 2014ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬಂದ ಈ ಲೇಖನದ ನಿಜವಾದ ಜಾಣತನ ಇರುವುದು ಈ ಕೊನೆಯ ತಾಳೆಯಲ್ಲಿ. ಊರುಗಳೇ ಬೇರೆ ಬೇರೆಯಾಗಿದ್ದರೆ ಉಳ್ಳವರ ಮನೆಯಲ್ಲೂ ಅಂತರ ಕಾಣಬೇಕಿತ್ತಲ್ಲ?

ತುಮಕೂರಿಗೆ ಮರಳೋಣ. ಕಳೆದ ಎರಡು ದಶಕಗಳಲ್ಲಿ ಇಲ್ಲಿ ನೆಲೆಯೂರಿ ಕೆಲಸ ಮಾಡಿದ್ದು ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಔಷಧ ಬಡವರಿಗೆ ದಕ್ಕುವಂತೆ ಮಾಡುವ ಅವರ ಅಧ್ಯಯನದ ರೂಪುರೇಷೆ 2016ರಲ್ಲಿ ಪ್ರಕಟವಾಯಿತು. ಶೀರ್ಷಿಕೆಯಲ್ಲೇ ಅರೆಪ್ರಾಯೋಗಿಕ ಎಂದಿದೆ. ಜಿಲ್ಲೆಯ ಮೂರು ತಾಲ್ಲೂಕುಗಳಲ್ಲಿ ಒಂದು ಕಡೆ ಆರೋಗ್ಯ ಕೇಂದ್ರಗಳನ್ನು ಬಲಪಡಿಸುವುದು, ಇನ್ನೊಂದು ಕಡೆ ಅದರ ಜೊತೆಗೆ ಸಮುದಾಯದ ಸಮಿತಿಗಳನ್ನೂ ಸಜ್ಜುಗೊಳಿಸುವುದು, ಮತ್ತೊಂದನ್ನು ಹೋಲಿಕೆಗೆ ಇದ್ದಂತೆ ಬಿಡುವುದು. ತಾಲ್ಲೂಕು ಆರೋಗ್ಯಾಧಿಕಾರಿಯ ಆಡಳಿತ, ಔಷಧ ಪೂರೈಕೆ ತಾಲ್ಲೂಕಿನ ಮಟ್ಟದಲ್ಲಿ ನಡೆಯುವಾಗ ಮನೆಮನೆಗೆ ಚೀಟಿ ಎತ್ತುವುದು ಅರ್ಥಹೀನ. ಅದೇ ಕೆಲಸದ ಸುತ್ತ ನಡೆದ ಸಂದರ್ಶನಗಳು ಅಳತೆಯ ಕೋಷ್ಟಕಕ್ಕೆ ಸಿಗದ ಸಂಗತಿಯನ್ನು ಹೊರತಂದವು: ಸರ್ಕಾರಿ ಆಸ್ಪತ್ರೆಯ ಜೆನೆರಿಕ್ ಮಾತ್ರೆಯ ಗುಣಮಟ್ಟದ ಮೇಲೆ ಇರುವ ಅಪನಂಬಿಕೆ. ಮಾತ್ರೆ ಕಪಾಟಿನಲ್ಲಿದ್ದ ಮಾತ್ರಕ್ಕೆ ರೋಗಿಯ ಹೊಟ್ಟೆಗೆ ಹೋಯಿತೆಂದು ಬರೆದುಕೊಳ್ಳುವಂತಿಲ್ಲ.

ಅದೇ ಸಂಸ್ಥೆಯ ಎನ್.ಎಸ್. ಪ್ರಶಾಂತ್ ಮತ್ತು ಸಂಗಡಿಗರು ಜಿಲ್ಲೆಯ ಆರೋಗ್ಯ ಅಧಿಕಾರಿಗಳ ತರಬೇತಿಯನ್ನು ಪರಿಶೀಲಿಸುವಾಗ ಬೇರೆ ದಾರಿಯನ್ನೇ ಹಿಡಿದರು. ತರಬೇತಿ ಫಲಿಸಿತೇ ಎನ್ನುವ ಬದಲು, ಒಂದೇ ತರಬೇತಿ ಒಂದು ತಾಲ್ಲೂಕಿನಲ್ಲಿ ಹಿಡಿದು ಮತ್ತೊಂದರಲ್ಲಿ ಹಿಡಿಯದಿರಲು ಏನು ಕಾರಣ ಎಂದು ಕೇಳಿದರು. 2014ರ ಅವರ ಲೇಖನವನ್ನು ಅರೆಪ್ರಯೋಗದ ವಿರೋಧಿ ಎಂದು ಓದುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಹೋಲಿಕೆಯ ತಾಲ್ಲೂಕನ್ನು ಬಲ್ಲವರು ಕೇಳುವ ಪ್ರಶ್ನೆಯೇ ಅದು.

ಗುಬ್ಬಿ ಮತ್ತು ಕುಣಿಗಲ್ ಈ ಪ್ರಶ್ನೆಯನ್ನು ಇಂದು ಕಣ್ಣೆದುರಿಗೇ ಇಡುತ್ತವೆ. ಸಮಾಜಕಾರ್ಯದ ವಿದ್ಯಾರ್ಥಿಯೊಬ್ಬಳು ಗುಬ್ಬಿಯ ಸ್ತ್ರೀಶಕ್ತಿ ಗುಂಪುಗಳಲ್ಲಿ ಸಾಲ ನಿರ್ವಹಣೆಯ ತರಬೇತಿ ಕೊಟ್ಟು, ಕುಣಿಗಲ್‌ನ ಗುಂಪುಗಳನ್ನು ಹೋಲಿಕೆಗೆ ಇಟ್ಟುಕೊಳ್ಳುತ್ತಾಳೆ ಎನ್ನೋಣ. ಕಾಗದದ ಮೇಲೆ ಇದು ಒಪ್ಪುವ ವಿನ್ಯಾಸ: ಎರಡೂ ತುಮಕೂರು ಜಿಲ್ಲೆ, ಎರಡರಲ್ಲೂ ತೆಂಗು, ರಾಗಿ. ನೆಲದ ಮೇಲೆ ಹಾಗಿಲ್ಲ. ಕುಣಿಗಲ್ ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿದೆ, ರಾಜಧಾನಿಯ ಕೂಲಿಮಾರುಕಟ್ಟೆ ಅದಕ್ಕೆ ಹತ್ತಿರ. ಜೊತೆಗೆ ಹೇಮಾವತಿ ನೀರಿನ ಪ್ರಶ್ನೆ. ಗುಬ್ಬಿ ತಾಲ್ಲೂಕಿನಿಂದ ಕುಣಿಗಲ್ ಕಡೆಗೆ, ಮಾಗಡಿಗೂ ನೀರೊಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ವಿರುದ್ಧ 2025ರಲ್ಲಿ ಗುಬ್ಬಿ ಭಾಗದ ರೈತರು ಬೀದಿಗಿಳಿದರು. ಒಂದು ತಾಲ್ಲೂಕಿಗೆ ಲಾಭ ಎನಿಸುವುದು ಇನ್ನೊಂದಕ್ಕೆ ನಷ್ಟ ಎನಿಸುವ ಇಂಥ ಹೊತ್ತಿನಲ್ಲಿ ಸಾಲದ ಕಂತು ತಪ್ಪಿದ್ದು, ಕಟ್ಟಿದ್ದು ತರಬೇತಿಯಿಂದಲೋ ನೀರಿನಿಂದಲೋ ಎಂದು ಬಿಡಿಸುವುದು ಕಷ್ಟ. ತರಬೇತಿಗೂ ಮುನ್ನ ಎರಡೂ ಕಡೆ ಮರುಪಾವತಿಯ ಏರಿಳಿತ ಒಂದೇ ಜಾಡಿನಲ್ಲಿತ್ತು ಎಂದು ತೋರಿಸದೆ ಈ ಹೋಲಿಕೆ ನಿಲ್ಲದು.

ಹಾಗಾಗಿ ಹಲವರು ಸುಲಭದ ದಾರಿ ಹಿಡಿಯುತ್ತಾರೆ: ಒಂದೇ ಗುಂಪು, ಪೂರ್ವಪರೀಕ್ಷೆ, ಒಂದು ವಾರದ ಪಾಠ, ಉತ್ತರಪರೀಕ್ಷೆ, ಅಂಕ ಏರಿತು. ಅದೇ ಪ್ರಶ್ನೆಪತ್ರಿಕೆ ಎರಡನೆಯ ಸಲ ಕಂಡರೆ ಯಾರ ಅಂಕ ಏರುವುದಿಲ್ಲ? ಅತಿ ಕಡಿಮೆ ಅಂಕದವರನ್ನೇ ಆರಿಸಿ ಪಾಠ ಹೇಳಿದ್ದರಂತೂ ಮುಂದಿನ ಸಲ ಅವರ ಅಂಕ ಪಾಠವಿಲ್ಲದೆಯೂ ಸರಾಸರಿಯ ಕಡೆಗೆ ಸರಿಯುತ್ತದೆ.

ತುಮಕೂರು ವಿಶ್ವವಿದ್ಯಾನಿಲಯದ ಆಸುಪಾಸಿನಲ್ಲಿ ಕ್ಷೇತ್ರಕಾರ್ಯ ಮಾಡುವವರಿಗೆ ಇದಕ್ಕಿಂತ ಗಟ್ಟಿಯಾದ, ಆದರೆ ದುಬಾರಿಯಲ್ಲದ ವಿನ್ಯಾಸವೊಂದು ಕೈಗೆಟುಕುವಂತಿದೆ. ತರಬೇತಿಯನ್ನು ಎಲ್ಲ ಗುಂಪುಗಳಿಗೂ ಕೊಡಿ, ಆದರೆ ಸರದಿಯ ಮೇಲೆ. ಗುಬ್ಬಿ ತಾಲ್ಲೂಕಿನೊಳಗೇ ಕೆಲವು ಗುಂಪುಗಳಿಗೆ ಜನವರಿಯಲ್ಲಿ, ಉಳಿದವಕ್ಕೆ ಜುಲೈನಲ್ಲಿ. ಕಾಯುತ್ತಿರುವವರೇ ಆ ಆರು ತಿಂಗಳ ಹೋಲಿಕೆ ಗುಂಪು. ಯಾರಿಗೂ ಸೇವೆ ತಪ್ಪುವುದಿಲ್ಲ, ನೀರು ಬಂದರೂ ಬಾರದಿದ್ದರೂ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ. ಅಳತೆಗೆ ಪ್ರಶ್ನಾವಳಿ ನೆಚ್ಚಿ ಕೂರಬೇಕಾಗಿಲ್ಲ: ಗುಂಪಿನ ಸಾಲದ ಲೆಡ್ಜರ್, ಸಭಾ ನಡಾವಳಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ಕುಗಳಲ್ಲಿ ಹಿಂದಿನ ವರ್ಷಗಳ ಕಂತುಗಳು ತಿಂಗಳುವಾರು ದಾಖಲಾಗಿರುತ್ತವೆ. ಗುಂಪಿನ ಒಪ್ಪಿಗೆ ಪಡೆದು ಅವನ್ನು ನಕಲು ಮಾಡಿಕೊಳ್ಳುವ ಕೆಲಸ ತರಬೇತಿಯ ದಿನಾಂಕ ಗೊತ್ತುಮಾಡುವ ಮುಂಚೆಯೇ ಮುಗಿಯಬೇಕು.