ಯೋಧನ ಕೈಗೆ ಯಾವ ಆಯುಧ?

ಮೇಜಿನ ಸುತ್ತ ಐದಾರು ಜನ. ಮುಂದೆ ಕಾಗದ, ಪೆನ್ಸಿಲ್, ಹಲವು ಮುಖಗಳ ದಾಳಗಳು. ಒಬ್ಬ ಕಥೆ ನಡೆಸುವವ. ಉಳಿದವರು ಆ ಕಥೆಯೊಳಗಿನ ಪಾತ್ರಗಳು. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಈ ಆಟ ಅಮೆರಿಕದಲ್ಲಿ ಅಚ್ಚಾಗಿ ಹೊರಬಂದದ್ದು 1974ರಲ್ಲಿ. ಒಬ್ಬ ಗೆದ್ದು ಇನ್ನೊಬ್ಬ ಸೋತಲ್ಲಿಗೆ ಮುಗಿಯುವ ಆಟ ಇದಲ್ಲ. ಒಂದೇ ಕಥೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸಾಗುತ್ತದೆ. ಹಾಗಾಗಿ ಮೊದಲ ದಿನ ಪಾತ್ರಕ್ಕೆ ಬರೆದುಕೊಂಡ ಗುಣ, ವಿದ್ಯೆಗಳ ಜೊತೆಗೇ ಅಷ್ಟು ಕಾಲವೂ ಬಾಳಬೇಕು.

ಪಾತ್ರಗಳಲ್ಲಿ ತೀರಾ ಸರಳನೆಂದರೆ ಯೋಧ. ಮಂತ್ರವಿಲ್ಲ, ದೇವರ ವರವಿಲ್ಲ. ತೋಳು, ಆಯುಧ ಅಷ್ಟೇ. ಆಟಕ್ಕೆ ಹೊಸಬನಾದವನಿಗೆ ಈ ಪಾತ್ರವನ್ನೇ ಕೊಡುವುದು ವಾಡಿಕೆ. ಆದರೆ ಐವತ್ತು ವರ್ಷಗಳ ನಿಯಮ ಪುಸ್ತಕಗಳನ್ನು ತಿರುವಿದರೆ, ಅವನ್ನು ಬರೆದವರನ್ನು ಹೆಚ್ಚು ಕಾಡಿದವನೂ ಇವನೇ ಎನಿಸುತ್ತದೆ.

ಆಟದ ಕರ್ತೃಗಳು ಇಬ್ಬರು. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಊರಿನ ಗ್ಯಾರಿ ಗೈಗ್ಯಾಕ್ಸ್ ಹಿಂದೆ ವಿಮಾ ಕಂಪನಿಯ ನೌಕರ. ಡೇವ್ ಆರ್ನೆಸನ್ ಮಿನೆಸೋಟ ರಾಜ್ಯದವನು. ಇಬ್ಬರೂ ಸೀಸದ ಗೊಂಬೆ ಸೈನಿಕರನ್ನಿಟ್ಟು ಯುದ್ಧದಾಟ ಆಡುತ್ತಿದ್ದವರು. ಅವರ ಮೊದಲ ನಿಯಮದಲ್ಲಿ ಆಯುಧದ ಆಯ್ಕೆಗೆ ಹೆಚ್ಚು ಅರ್ಥವಿರಲಿಲ್ಲ. ಬಾಕು ಚುಚ್ಚಿದರೂ, ಎರಡು ಕೈಯ ಹಿರಿಗತ್ತಿ ಬೀಸಿದರೂ ಆರು ಮುಖದ ಒಂದೇ ದಾಳ! ಮಂತ್ರವಾದಿಗೆ ಬಾಕು ಬಿಟ್ಟು ಬೇರೆ ಆಯುಧ ನಿಷಿದ್ಧ, ಮಾಯಾಖಡ್ಗ ಯೋಧನಿಗಷ್ಟೇ ಮೀಸಲು. ಅವನ ಹೆಚ್ಚುಗಾರಿಕೆ ಇದ್ದದ್ದು ಅಲ್ಲಿ.

ಮರುವರ್ಷವೇ, 1975ರ 'ಗ್ರೇಹಾಕ್' ಎಂಬ ಅನುಬಂಧ ಇದನ್ನು ಬದಲಿಸಿತು. ಬಾಕುವಿಗೆ ನಾಲ್ಕು ಮುಖದ ದಾಳ, ಕತ್ತಿಗೆ ಎಂಟು, ಹಿರಿಗತ್ತಿಗೆ ಹತ್ತು. 1978ರ ಪುಸ್ತಕದಲ್ಲಂತೂ ಆಯುಧದ ವೇಗಕ್ಕೊಂದು ಅಂಕಿ, ಯಾವ ಕವಚದ ಮೇಲೆ ಯಾವ ಆಯುಧ ನಾಟುತ್ತದೆ ಎಂಬುದಕ್ಕೊಂದು ಕೋಷ್ಟಕ, ಉದ್ದ ಹಿಡಿಯ ಈಟಿ-ಕೊಡಲಿಗಳದೇ ಹತ್ತಾರು ಬಗೆ. ಯುರೋಪಿನ ಮಧ್ಯಯುಗದ ಶಸ್ತ್ರಾಗಾರವನ್ನೇ ಗೈಗ್ಯಾಕ್ಸ್ ಮೇಜಿನ ಮೇಲೆ ತಂದು ಸುರಿದಂತಿತ್ತು. ಪಾಂಡಿತ್ಯ ದೊಡ್ಡದು, ಆದರೆ ಆಟ ನಿಧಾನ. ಬಹಳ ಮಂದಿ ಆ ಕೋಷ್ಟಕವನ್ನು ಮುಟ್ಟದೆಯೇ ಆಡಿದರು. 1985ರಲ್ಲಿ ಬಂದ ಇನ್ನೊಂದು ನಿಯಮದ ಪ್ರಕಾರ ಯೋಧ ಒಂದೇ ಆಯುಧದಲ್ಲಿ ವಿಶೇಷ ಪರಿಣತಿ ಪಡೆಯಬಹುದಾಯಿತು. ಬಲವೇನೋ ಬಂತು. ಆದರೆ ಆ ಒಂದು ಆಯುಧ ಕೈಯಲ್ಲಿಲ್ಲದ ದಿನ ಅವನು ಅರ್ಧ ಯೋಧ.

ದೊಡ್ಡ ತಿರುವು ಬಂದದ್ದು 2000ದಲ್ಲಿ. ಆಟದ ಹಕ್ಕು 1997ರಲ್ಲೇ 'ವಿಝರ್ಡ್ಸ್ ಆಫ್ ದಿ ಕೋಸ್ಟ್' ಕಂಪನಿಯ ಪಾಲಾಗಿತ್ತು. ಜೊನಾಥನ್ ಟ್ವೀಟ್, ಮಾಂಟಿ ಕುಕ್, ಸ್ಕಿಪ್ ವಿಲಿಯಮ್ಸ್ ರೂಪಿಸಿದ ಮೂರನೇ ಆವೃತ್ತಿ 'ಫೀಟ್' ಎಂಬ ಹೊಸ ಸಂಗತಿಯನ್ನು ತಂದಿತು. ನಮ್ಮ ಗರಡಿ ಮನೆಯ ಮಾತಿನಲ್ಲಿ ಹೇಳುವುದಾದರೆ ಪಟ್ಟು. ಎಲ್ಲ ಪಾತ್ರಗಳಿಗೂ ಕೆಲವು ಪಟ್ಟುಗಳು ಸಿಗುತ್ತವೆ. ಯೋಧನಿಗೆ ಮಾತ್ರ ಇಪ್ಪತ್ತು ಹಂತಗಳಲ್ಲಿ 11 ಹೆಚ್ಚುವರಿ. ಬಡಪಾಯಿಗೆ ಕೊನೆಗೂ ನ್ಯಾಯ ಸಿಕ್ಕಿತೆಂದು ತೋರಿದ್ದು ಸಹಜ.

ತೊಡಕು ಇದ್ದದ್ದು ಪಟ್ಟುಗಳ ಸರಪಣಿಯಲ್ಲಿ. ಸುತ್ತಲಿನ ಶತ್ರುಗಳೆಲ್ಲರಿಗೂ ಒಟ್ಟಿಗೆ ಹೊಡೆಯುವ 'ವರ್ಲ್‌ವಿಂಡ್ ಅಟ್ಯಾಕ್' ಬೇಕೆಂದರೆ ಅದಕ್ಕೆ ಮೊದಲು ಬೇರೆ ನಾಲ್ಕು ಪಟ್ಟುಗಳನ್ನು ಕಲಿತಿರಬೇಕು. ಚುರುಕುತನ 13, ಬುದ್ಧಿಶಕ್ತಿ 13 ಇರಲೇಬೇಕು; ದಡ್ಡ ಜಟ್ಟಿಗೆ ಅದು ದಕ್ಕದು. ಅಂದರೆ ಮೊದಲ ದಿನವೇ ಆರನೇ ಹಂತದವರೆಗಿನ ಲೆಕ್ಕ ಹಾಕಿರಬೇಕು. ಅಷ್ಟರಲ್ಲಿ, ಐದನೇ ಹಂತದ ಮಂತ್ರವಾದಿ ಒಂದು ಬೆಂಕಿಯುಂಡೆ ಎಸೆದು ಇಪ್ಪತ್ತು ಅಡಿ ತ್ರಿಜ್ಯದೊಳಗಿನ ಎಲ್ಲರನ್ನೂ ಸುಟ್ಟಿರುತ್ತಾನೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಮಂತ್ರವಾದಿ ಇಂದು ತಪ್ಪು ಮಂತ್ರ ಸಿದ್ಧಮಾಡಿಕೊಂಡಿದ್ದರೆ ನಾಳೆ ಬೆಳಿಗ್ಗೆ ಬೇರೆಯದನ್ನು ಆರಿಸಿಕೊಳ್ಳಬಹುದು. ಯೋಧ ಆರಿಸಿದ ಪಟ್ಟು ಆಜೀವ.

ಇನ್ನು ಆಯ್ಕೆಗಳೆಲ್ಲ ಸಮಾನವೂ ಆಗಿರಲಿಲ್ಲ. ಎರಡು ಆರು ಮುಖದ ದಾಳಗಳ ಹಿರಿಗತ್ತಿಯ ಸರಾಸರಿ ಪೆಟ್ಟು 7, ಹನ್ನೆರಡು ಮುಖದ ಒಂದು ದಾಳದ ಹಿರಿಗೊಡಲಿಯದು ಆರೂವರೆ. ಗೂರ್ಖಾ ಸೈನಿಕರ ಖುಕ್ರಿಗೆ ನಾಲ್ಕೇ ಮುಖದ ದಾಳ, ಆದರೆ ಮರ್ಮಕ್ಕೆ ತಾಗುವ ಅವಕಾಶ ಹೆಚ್ಚು. ಬಲ್ಲವರು ಹಿಡಿದದ್ದು ಮುಳ್ಳು ಸರಪಳಿ: ಹತ್ತಡಿ ದೂರದವನಿಗೂ ತಾಗುತ್ತದೆ, ಪಕ್ಕದಲ್ಲಿದ್ದವನಿಗೂ ತಾಗುತ್ತದೆ, ಕಾಲಿಗೆ ಸುತ್ತಿ ಬೀಳಿಸಲೂ ಬರುತ್ತದೆ. ಯಾವ ದೇಶದ ಸೈನ್ಯವೂ ಇಂಥದ್ದನ್ನು ಹೊತ್ತು ಯುದ್ಧಕ್ಕೆ ಹೋದಂತಿಲ್ಲ, ಆ ಮಾತು ಬೇರೆ! ತಿಳಿಯದವರು 'ಟಫ್‌ನೆಸ್' ಆರಿಸಿ ಕೇವಲ ಮೂರು ಪ್ರಾಣಾಂಕ ಹೆಚ್ಚಿಸಿಕೊಂಡರು. ನಿಯಮ ಬಲ್ಲವನಿಗೆ ಲಾಭವಾಗಲೆಂದೇ ಆಯ್ಕೆಗಳಲ್ಲಿ ಹೆಚ್ಚುಕಡಿಮೆ ಇಟ್ಟಿದ್ದೆವೆಂದು ಕುಕ್ ಮುಂದೆ ಬರೆದ. ಯಾವುದು ಯಾವಾಗ ಉಪಯುಕ್ತ ಎಂದು ಪುಸ್ತಕದಲ್ಲೇ ಹೇಳಬಹುದಿತ್ತು ಎಂದೂ ಒಪ್ಪಿಕೊಂಡ. ಹೊಸಬನ ಕೈಗೆ ಕೊಡುವ ಪಾತ್ರದಲ್ಲೇ ಇಂಥ ಹಳ್ಳ ತೋಡಿದ್ದು ಸರಿಯೆನ್ನುವುದು ಕಷ್ಟ.

2008ರ ನಾಲ್ಕನೇ ಆವೃತ್ತಿ ಯೋಧನಿಗೂ ಮಂತ್ರವಾದಿಗೂ ಒಂದೇ ಅಚ್ಚಿನ ಶಕ್ತಿಗಳನ್ನು ಕೊಟ್ಟಿತು. ಯೋಧನೂ ಮಂತ್ರವಾದಿಯಂತಾದ ಎಂಬ ಗೊಣಗಾಟ ಬಂತು. 2014ರ ಐದನೇ ಆವೃತ್ತಿ ಪಟ್ಟುಗಳನ್ನು ಐಚ್ಛಿಕವಾಗಿಸಿ ಸರಪಣಿ ಕಡಿದುಹಾಕಿತು. ಆದರೂ ಅದರಲ್ಲಿ 'ಗ್ರೇಟ್ ವೆಪನ್ ಮಾಸ್ಟರ್' ಎಂಬುದೊಂದು ಉಳಿಯಿತು: ಗುರಿಯಲ್ಲಿ 5 ಕಳೆದುಕೊಂಡರೆ ಪೆಟ್ಟಿನಲ್ಲಿ 10 ಹೆಚ್ಚು. ಇಪ್ಪತ್ತರಲ್ಲಿ 13 ಬಾರಿ ಗುರಿ ತಾಗಿಸುವ ಯೋಧನ ಸಾಧಾರಣ ಪೆಟ್ಟು 11 ಎಂದಿಟ್ಟುಕೊಳ್ಳಿ. ನೂರು ಸಲ ಬೀಸಿದರೆ 715 ಆಗುತ್ತದೆ. ಈ ಪಟ್ಟು ಹಾಕಿದರೆ ಗುರಿ ತಾಗುವುದು ಇಪ್ಪತ್ತರಲ್ಲಿ ಎಂಟೇ ಬಾರಿ, ಒಟ್ಟು ಮೊತ್ತ ಮಾತ್ರ 840! ಲೆಕ್ಕ ಬಲ್ಲವರೆಲ್ಲ ಹಿರಿಗತ್ತಿ ಹಿಡಿದರು; ಕತ್ತಿ-ಗುರಾಣಿಯ ಯೋಧ ಹಿಂದೆ ಬಿದ್ದ.

2024ರ ಪರಿಷ್ಕೃತ ಪುಸ್ತಕ ಆ ಐದು-ಹತ್ತರ ವಿನಿಮಯವನ್ನು ಕೈಬಿಟ್ಟಿದೆ. ಬದಲಿಗೆ ಒಂದೊಂದು ಆಯುಧಕ್ಕೂ ಒಂದೊಂದು ಗುಣ ಬಂದಿದೆ. ಹಿರಿಗತ್ತಿ ಗುರಿ ತಪ್ಪಿದರೂ ಸವರಿಕೊಂಡು ಹೋಗುತ್ತದೆ, ಉದ್ದಗತ್ತಿ ಎದುರಾಳಿಯ ಮುಂದಿನ ಹೊಡೆತವನ್ನು ಕುಂದಿಸುತ್ತದೆ, ಯುದ್ಧಗೊಡಲಿ ಅವನನ್ನು ನೆಲಕ್ಕೆ ಕೆಡವಬಲ್ಲದು. ಮೊದಲ ಹಂತದಲ್ಲಿ ಯೋಧನಿಗೆ ಇಂಥ ಮೂರು ಆಯುಧಗಳ ಮೇಲೆ ಪ್ರಭುತ್ವ. ರಾತ್ರಿ ವಿಶ್ರಾಂತಿಯಾದ ಮೇಲೆ ಅವುಗಳಲ್ಲಿ ಒಂದನ್ನು ಬಿಟ್ಟು ಬೇರೊಂದನ್ನು ಹಿಡಿಯುವ ಅವಕಾಶವೂ ಉಂಟು. ಮಂತ್ರವಾದಿಗೆ ಮೊದಲಿನಿಂದಲೂ ಇದ್ದ ಮರುದಿನದ ಬೆಳಗು, ಆಯುಧದ ಮಟ್ಟಿಗಾದರೂ ಯೋಧನಿಗೆ ಸಿಕ್ಕಿದ್ದು ಹೀಗೆ.